ಊರಿಗೆ ಹೋಗಿದ್ದೆ

ಟೈಲರಕ್ಕ ಯಾರ ಬಟ್ಟೆಯನ್ನು ಕೈಗೆತ್ತಿಕೊಂಡರೂ ಮೊದಲು ಅದನ್ನು ಮಗುಚಿ ಒಳಮೈ ನೋಡುತ್ತಾಳೆ. ಅಂಗಡಿಗೆ ಬಂದ ಗಿರಾಕಿಯ ಪ್ಯಾಂಟಿರಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ಕೋಟಿನ ಅಂಚಿರಲಿ, ಕಣ್ಣು ತಾನಾಗಿ ಹೊಲಿಗೆಯ ಕಡೆಗೇ ಹೋಗುತ್ತದೆ. ಆ ಬೆಳಿಗ್ಗೆಯೂ ಅಷ್ಟೇ. ಮನೆಯಲ್ಲಿ ಉಳಿದವರೆಲ್ಲ ಪರೀಕ್ಷೆಗೆ ಹೊರಟ ಮಕ್ಕಳ ಹಾಗೆ ಮುಖ ಮಾಡಿಕೊಂಡಿದ್ದರು. ಗಂಡ ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ. ಇವಳು ಮಾತ್ರ ಹಾಸಿಗೆಯ ತುದಿಯಲ್ಲಿ ಕೂತು, ಮಗಳ ಕಪ್ಪು ಕೋಟನ್ನು ಮಗುಚಿ, ತೋಳಿನ ಲೈನಿಂಗಿನ ಮೇಲೆ ಬೆರಳಾಡಿಸುತ್ತಿದ್ದಳು.

“ಇದನ್ನ ನೀನೇ ಹೊಲಿದ್ಯಾ?”

“ಮತ್ತಿನ್ಯಾರು, ಅಪ್ಪ ಹೊಲಿದ್ರಾ?” ಎಂದಳು ಮಗಳು, ಕನ್ನಡಿಯ ಮುಂದೆ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು.

“ಲೈನಿಂಗ್ ಒಂಚೂರೂ ಎಳ್ಕೊಂಡಿಲ್ಲ ಕಣೇ.”

“ಅಮ್ಮಾ, ಹೊತ್ತಾಗ್ತಿದೆ. ಅಲ್ಲಿ ಅವರು ಲೈನಿಂಗ್ ನೋಡಲ್ಲ, ನಿನ್ನ ಕಾರ್ಡ್ ನೋಡ್ತಾರೆ.”

ಅಡುಗೆಮನೆಯಿಂದ ಗಂಡನ ದನಿ ಬಂತು. “ನಿಮ್ಮಮ್ಮಂಗೆ ಹೆಮ್ಮೆ ಆದಾಗೆಲ್ಲ ಹೆಮ್ಮಿಂಗ್ ಮುಟ್ಟಿ ನೋಡ್ತಾಳೆ, ಬಿಡು.”

ಆ ಬೀದಿಯಲ್ಲಿ ಇವರ ಭಾಷೆ ಆಡುವ ನಾಲ್ಕಾರು ಮನೆಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಹಳೆಯದನ್ನು ಸರಿಮಾಡುವ ಕೆಲಸವೇ ಹೆಚ್ಚು. ಜಿಪ್ ಬದಲಿಸುವುದು, ಸೊಂಟ ಬಿಡಿಸುವುದು, ದಪ್ಪಗಾದವರಿಗೆ ಅವರ ಹಳೆಯ ಕೋಟನ್ನು ಮರಳಿ ಕೊಡಿಸುವುದು. ಮಗಳಿಗೆ ಗುಬ್ಬಿ ಎಂದು ಹೆಸರು ಬಿದ್ದದ್ದು ಅವಳ ಮಾತಿನಿಂದ. ಈ ದೇಶಕ್ಕೆ ಬಂದಾಗ ಅವಳಿನ್ನೂ ಸೊಂಟದ ಮೇಲೆ ಕೂರುವ ಮಗು. ವರ್ಷ ತುಂಬುವ ಮೊದಲೇ ಇಲ್ಲಿಯ ಭಾಷೆಯನ್ನು ಚಿಲಿಪಿಲಿಗುಟ್ಟತೊಡಗಿದ್ದಳು. ಅಂದಿನಿಂದ ವೈದ್ಯರ ಹತ್ತಿರ, ಶಾಲೆಯಲ್ಲಿ, ಬಾಡಿಗೆ ಮನೆಯ ಯಜಮಾನನ ಮುಂದೆ, ಎಲ್ಲೆಲ್ಲೂ ಅಪ್ಪ ಅಮ್ಮನ ಬಾಯಿ ಅವಳೇ. ಟೈಲರಕ್ಕನಿಗೆ ಇಲ್ಲಿಯ ಭಾಷೆ ಬರುವುದಿಲ್ಲವೆಂದಲ್ಲ. ಬರುತ್ತದೆ, ಅಂಗಡಿಗೆ ಬೇಕಾದಷ್ಟು. ಉದ್ದ, ಗಿಡ್ಡ, ಬಿಗಿ, ಸಡಿಲ, ನಾಳೆ ಬನ್ನಿ, ಸಂಜೆ ಬನ್ನಿ, ಇವತ್ತು ಆಗಲ್ಲ. ಅದರಲ್ಲೇ ಅವಳು ಒಂದು ಅಂಗಡಿಯನ್ನೂ ಒಂದು ಸಂಸಾರವನ್ನೂ ನಡೆಸಿಕೊಂಡು ಬಂದಿದ್ದಳು.

ಕಾರ್ಡಿನ ಕಥೆ ಹೀಗೆ. ಪರದೇಶದಿಂದ ಬಂದು ಬಹಳ ವರ್ಷ ದುಡಿದವರಿಗೆ ಈ ದೇಶದವರು ಖಾಯಂ ವಾಸದ ಕಾರ್ಡು ಕೊಡುತ್ತಾರೆ. ಟೈಲರಕ್ಕನಿಗೂ ಕೊಟ್ಟಿದ್ದರು. ಖಾಯಂ ಎಂದರೆ ಖಾಯಂ ಎಂದು ಅವಳು ಅದನ್ನು ಗುಂಡಿಗಳ ಡಬ್ಬಿಯಲ್ಲಿಟ್ಟು ನಿಶ್ಚಿಂತಳಾಗಿದ್ದಳು. ಆದರೆ ಆ ಖಾಯಂಗೂ ಒಂದು ಷರತ್ತಿತ್ತು. ದೇಶ ಬಿಟ್ಟು ಹೊರಗೆ ತೀರಾ ಹೆಚ್ಚು ಕಾಲ ಇದ್ದರೆ, ಇವರು ಇಲ್ಲಿಯ ಬದುಕನ್ನು ಬಿಟ್ಟುಕೊಟ್ಟರು ಎಂದು ಲೆಕ್ಕ; ಕಾರ್ಡು ಹೋಗುತ್ತದೆ.

“ಖಾಯಂ ಅಂದ್ಮೇಲೆ ಮತ್ತೆ ಷರತ್ತು ಯಾಕ್ರೀ?” ಎಂದು ಅವಳು ಗಂಡನನ್ನು ಕೇಳಿದ್ದಳು.

“ನಮ್ಮ ಮದುವೆ ಇಲ್ವೇನೇ? ಹಾಗೇ,” ಎಂದಿದ್ದ ಅವನು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಮಾತಿಗೂ ಗ್ರೀಸು ಹಚ್ಚಿಯೇ ಬಿಡುತ್ತಿದ್ದ.

ಟೈಲರಕ್ಕ ಹೊರಗಿದ್ದದ್ದು ತಂಗಿಗಾಗಿ. ಹುಟ್ಟಿದ ದೇಶದಲ್ಲಿ ಅವಳಿಗೆ ಉಳಿದಿದ್ದವಳು ತಂಗಿ ಒಬ್ಬಳೇ. ಒಂದು ಶಾಲೆಯ ಪ್ರಯೋಗಶಾಲೆಯಲ್ಲಿ ಕೆಲಸ, ಮದುವೆಯ ಗೊಡವೆ ಇಲ್ಲ, ನಾಲಿಗೆ ಮಾತ್ರ ಕತ್ತರಿ. ಆ ತಂಗಿ ಶಾಲೆಯ ಮೆಟ್ಟಿಲಿನಿಂದ ಉರುಳಿ ಬೆನ್ನುಮೂಳೆ ಮುರಿದುಕೊಂಡಳು. ಇನ್ನು ನಡೆಯುವುದು ಅನುಮಾನ ಎಂದರು ವೈದ್ಯರು. ಸುದ್ದಿ ಬಂದಾಗ ಟೈಲರಕ್ಕನ ಕೈಯಲ್ಲಿ ಯಾರದೋ ಮದುವೆಯ ಕೋಟಿತ್ತು. ತೋಳು ಅರ್ಧ ಕೂರಿಸಿದ್ದಳು. ಕತ್ತರಿಯನ್ನು ಗುಬ್ಬಿಯ ಕೈಗೆ ಕೊಟ್ಟು, “ಉಳಿದಿದ್ದನ್ನ ನೋಡ್ಕೋ,” ಎಂದು ಹೊರಟುಬಿಟ್ಟಳು. ಇಷ್ಟು ಕಾಲ ಹೊರಗಿರುತ್ತೇನೆ ಎಂದು ಒಪ್ಪಿಗೆ ಪಡೆದೇ ಹೋಗಿದ್ದಳು. ಆದರೆ ತಂಗಿಯ ಬೆನ್ನು ಆ ಒಪ್ಪಿಗೆಯನ್ನು ಓದಿರಲಿಲ್ಲ. ಮೊದಲ ಶಸ್ತ್ರಚಿಕಿತ್ಸೆ ಕೈಕೊಟ್ಟಿತು, ಎರಡನೆಯದು ಮಾಡಿದರು. ಮತ್ತೆ ಕೂರುವುದನ್ನು ಕಲಿಸಬೇಕು, ನಿಲ್ಲುವುದನ್ನು ಕಲಿಸಬೇಕು. ಒಪ್ಪಿಗೆಯ ಕಾಲ ಮುಗಿದದ್ದು ಟೈಲರಕ್ಕನಿಗೆ ಗೊತ್ತಿತ್ತು. ಆ ಹೊತ್ತಿಗೆ ತಂಗಿ ಎರಡೂ ಕೈಯಲ್ಲಿ ಅಕ್ಕನ ಭುಜ ಹಿಡಿದು ನಿಲ್ಲುತ್ತಿದ್ದಳು. ಹಿಡಿದ ಕೈಯನ್ನು ಕಿತ್ತುಕೊಂಡು ಬರುವುದು ಹೇಗೆ?

ಅಂಗಡಿ ಮುಚ್ಚಲಿಲ್ಲ. ಗುಬ್ಬಿ ಓದು ಮುಗಿಸಿ ಬೇರೆ ಕೆಲಸ ಹುಡುಕಬೇಕೆಂದಿದ್ದವಳು, ಕತ್ತರಿ ಕೈಗೆ ಬಂದಮೇಲೆ ಕೆಳಗಿಡಲಿಲ್ಲ. ಕೈಗೆ ಬಗ್ಗದ ಕೆಲಸ ಬಂದರೆ ಗಿರಾಕಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಫೋನನ್ನು ಮಿಷನ್ನಿನ ಮೇಲೆ ಒರಗಿಸಿ ಅಮ್ಮನಿಗೆ ಕರೆ ಮಾಡುತ್ತಿದ್ದಳು. ಸಮುದ್ರದಾಚೆಯಿಂದ ಟೈಲರಕ್ಕ ಒಂದು ಕೈಯಲ್ಲಿ ತಂಗಿಯ ಕಾಲು ನೀವುತ್ತ, “ತಿರುಗಿ... ಸ್ವಲ್ಪ ತಿರುಗಿ... ಸಾಕು. ಗುಬ್ಬಿ, ಎಡ ಭುಜ ತಗ್ಗಿದೆ ನೋಡು, ಅಲ್ಲಿ ಪಿನ್ ಹಾಕು,” ಎನ್ನುತ್ತಿದ್ದಳು. ಕೇಳಿ ಕೇಳಿ ಗಿರಾಕಿಗಳಿಗೆಲ್ಲ ‘ತಿರುಗಿ’ ಬಂದುಬಿಟ್ಟಿತ್ತು. ಆ ಬೀದಿಯ ಅರ್ಧ ಜನಕ್ಕೆ ಕನ್ನಡದಲ್ಲಿ ಅದೊಂದೇ ಮಾತು ಗೊತ್ತು. ಅಂಗಡಿಗೆ ಬರುವಾಗಲೇ “ತಿರುಗಿ?” ಎಂದು ಕೇಳಿಕೊಂಡು ಬರುತ್ತಿದ್ದರು.

ತಂಗಿ ಹಾಸಿಗೆಯಿಂದಲೇ ಅಕ್ಕನನ್ನು ಕೆಣಕುತ್ತಿದ್ದಳು. ಟೈಲರಕ್ಕ “ಊರಿಗೆ ಹೋಗ್ಬೇಕು ಕಣೇ, ಎಲ್ಲ ಹಾಗೇ ಬಿಟ್ಟು ಬಂದಿದೀನಿ,” ಎಂದು ಅಂದಾಗೆಲ್ಲ, “ಯಾವೂರೇ ನಿಂದು? ಹುಟ್ಟಿದ್ದು ಇಲ್ಲಿ, ಬೆಳೆದಿದ್ದು ಇಲ್ಲಿ. ಅದ್ಯಾವುದೋ ದೇಶ ನಿನಗೆ ಊರಾಗೋಯ್ತಾ? ಇದೇ ನಿನ್ನೂರು, ಸುಮ್ನೆ ಬಿದ್ಕೋ,” ಎನ್ನುತ್ತಿದ್ದಳು. ಟೈಲರಕ್ಕ ನಕ್ಕು ಅವಳ ಕಾಲು ನೀವುತ್ತಿದ್ದಳು.

ತಂಗಿ ಊರುಗೋಲು ಹಿಡಿದು ಅಡುಗೆಮನೆಯವರೆಗೆ ಹೋಗಿ, ತಾನೇ ಒಲೆ ಹಚ್ಚಿ, “ಇನ್ನು ಹೊರಡು ಮಾರಾಯ್ತಿ, ನಿನ್ನ ಉಪಚಾರ ಸಾಕಾಯ್ತು,” ಎಂದಮೇಲೆ ಟೈಲರಕ್ಕ ಹೊರಟಳು. ವಿಮಾನ ನಿಲ್ದಾಣದಲ್ಲಿ ಕಾರ್ಡು ನೋಡಿದವರು ಅವಳನ್ನು ಒಳಗೇನೋ ಬಿಟ್ಟರು. ಆದರೆ ಇಂಥ ಕಚೇರಿಗೆ ಬಂದು ಉತ್ತರ ಕೊಡಬೇಕು, ನಿಮ್ಮ ಮನೆ ನಿಜಕ್ಕೂ ಇಲ್ಲಿಯೇ ಇತ್ತೇ ಎಂದು ನೋಡಿ ತೀರ್ಮಾನಿಸುತ್ತಾರೆ ಎಂದು ಹೇಳಿ ಕಳಿಸಿದರು. ಇಲ್ಲ ಎಂದರೆ ಕಾರ್ಡನ್ನು ಅಲ್ಲೇ ಒಪ್ಪಿಸಿ ದೇಶ ಬಿಡಬೇಕು. ಗಂಡ ಇಲ್ಲಿ, ಮಗಳು ಇಲ್ಲಿ, ಅಂಗಡಿ ಇಲ್ಲಿ, ಅವಳು ಮಾತ್ರ ಅಲ್ಲಿ.

ಆ ಬೆಳಿಗ್ಗೆ ಅವರು ಹೊರಟಿದ್ದು ಅಲ್ಲಿಗೆ.

ಬಾಗಿಲು ದಾಟುವಾಗ ಗುಬ್ಬಿ ಅಮ್ಮನನ್ನು ಮೇಲಿಂದ ಕೆಳಗೆ ನೋಡಿ ಅಲ್ಲೇ ನಿಂತಳು. “ಅಯ್ಯೋ ಅಮ್ಮಾ! ಸ್ಕರ್ಟಿನ ಅಂಚು ನೋಡು. ಬಿಳಿ ದಾರ ಹಾಗೇ ಇದೆ.”

ಟೈಲರಕ್ಕ ಬಗ್ಗಿ ನೋಡಿಕೊಂಡಳು. ಬೂದು ಬಣ್ಣದ ಉದ್ದ ಸ್ಕರ್ಟಿನ ಕೆಳ ಅಂಚಿನಲ್ಲಿ ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಬಿಳಿ ದಾರದ ಉದ್ದುದ್ದ ಹೊಲಿಗೆ. ಕಚ್ಚಾ ಹೊಲಿಗೆ. ಪಕ್ಕಾ ಹೊಲಿಗೆ ಬೀಳುವವರೆಗೆ ಬಟ್ಟೆ ಅಲ್ಲಾಡದಿರಲಿ ಎಂದು ಹಾಕುವುದು, ಆಮೇಲೆ ಎಳೆದು ಬಿಸಾಕುವುದು. ಅಲ್ಲಿ ತಂಗಿಯ ಆರೈಕೆಯಲ್ಲಿ ಅವಳು ಇಳಿದುಹೋಗಿದ್ದಳು, ಬಟ್ಟೆಗಳೆಲ್ಲ ಜಾರುತ್ತಿದ್ದವು. ಸೊಂಟ ಹಿಡಿದು ಅಂಚು ಮಡಿಸಿ ಎಲ್ಲಕ್ಕೂ ಕಚ್ಚಾ ಹಾಕಿಕೊಂಡಿದ್ದಳು. ತಂಗಿ ನಗುತ್ತಿದ್ದಳು: “ದೊಡ್ಡ ಟೈಲರಂತೆ! ಮೈಮೇಲೆ ಒಂದು ಪಕ್ಕಾ ಹೊಲಿಗೆ ಇಲ್ಲ. ಯಾವತ್ತಾದ್ರೂ ಬೀದೀಲಿ ಬಿಚ್ಕೊಂಡು ಮಾನ ಹೋಗುತ್ತೆ ನೋಡು.”

“ಮನೆಗೆ ಹೋಗಿ ನನ್ನ ಮಿಷನ್ನಲ್ಲಿ ಹಾಕೋಣ ಅಂತ ಬಿಟ್ಟಿದ್ದೆ,” ಎಂದಳು ಟೈಲರಕ್ಕ ಈಗ ಮಗಳಿಗೆ. “ಬಂದ್ಮೇಲೆ ಗಿರಾಕಿಗಳ ಬಟ್ಟೇನೇ ಆಗೋಯ್ತು.”

“ಬೇರೆ ಹಾಕ್ಕೋ.”

“ಬೇರೇದೂ ಎಲ್ಲ ಹೀಗೇ ಇದೆ.”

ಗುಬ್ಬಿ ಹಣೆ ಚಚ್ಚಿಕೊಂಡಳು. ಬಸ್ಸು ಬಂದುಬಿಟ್ಟಿತ್ತು.

ಕಚೇರಿಯ ಕೋಣೆ ಸಣ್ಣದು. ಒಂದು ಮೇಜು, ಮೂರು ಕುರ್ಚಿ, ಕಿಟಕಿಯ ಕಟ್ಟೆಯ ಮೇಲೆ ಒಂದು ಕುಂಡ. ಗಿಡಕ್ಕೆ ಯಾರೋ ನೀರು ಹೆಚ್ಚಾಗಿ ಹಾಕಿದ್ದರು. ಮೇಜಿನಾಚೆ ಇದ್ದ ಅಧಿಕಾರಿ ಟೈಲರಕ್ಕನ ವಯಸ್ಸಿನ ಹೆಂಗಸು. ಕೊರಳಿಗೆ ಸರದಲ್ಲಿ ಕನ್ನಡಕ ತೂಗುತ್ತಿತ್ತು. ಮುಖದಲ್ಲಿ ಸಿಡುಕಿಲ್ಲ, ನಗುವೂ ಇಲ್ಲ. ಮನೆಯವರಲ್ಲಿ ಭಾಷೆ ಬಲ್ಲವರೊಬ್ಬರು ಜೊತೆಗಿದ್ದು ಮಾತು ದಾಟಿಸಬಹುದು ಎಂದು ಮೊದಲೇ ಹೇಳಿದ್ದರಿಂದ ಗುಬ್ಬಿ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಅಧಿಕಾರಿ ಕಾರ್ಡು ತೆಗೆದುಕೊಂಡು ಮೊದಲು ಹೆಸರು ವಿಳಾಸ ಕೇಳಿದರು. ಗುಬ್ಬಿ ಅರಳು ಹುರಿದ ಹಾಗೆ ಉತ್ತರ ಕೊಟ್ಟಳು. ಟೈಲರಕ್ಕ ಆ ದನಿಯನ್ನೇ ಕೇಳುತ್ತ ಕೂತಳು. ಎಲ್ಲೂ ತಡವರಿಕೆ ಇಲ್ಲ, ಅಂಜಿಕೆ ಇಲ್ಲ, ಹೆಚ್ಚು ಮಾತಿಲ್ಲ. ನನ್ನ ಸೊಂಟದ ಮೇಲೆ ಮೂಗು ಸುರಿಸುತ್ತ ಈ ದೇಶಕ್ಕೆ ಬಂದ ಕೂಸು ಇದು ಎಂದು ಆ ಅಧಿಕಾರಿಗೆ ಹೇಳಬೇಕೆನಿಸಿತು. ಕೋಟನ್ನೂ ಅವಳೇ ಹೊಲಿದದ್ದು, ಲೈನಿಂಗ್ ನೋಡಿ ಬೇಕಾದರೆ.

“ಇಷ್ಟು ಕಾಲ ಹೊರಗಿದ್ದಿರಲ್ಲ, ಎಲ್ಲಿಗೆ ಹೋಗಿದ್ದಿರಿ, ಯಾಕೆ ಹೋಗಿದ್ದಿರಿ, ನಿಮ್ಮ ಮಾತಲ್ಲೇ ಹೇಳಿ,” ಎಂದರು ಅಧಿಕಾರಿ. ಗುಬ್ಬಿ ಅದನ್ನು ಕನ್ನಡಕ್ಕೆ ತಂದಳು.

“ಊರಿಗೆ ಹೋಗಿದ್ದೆ ಅಂತ ಹೇಳು,” ಎಂದಳು ಟೈಲರಕ್ಕ. “ಚಿಕ್ಕಮ್ಮ ಬಿದ್ದಿದ್ದು, ಎರಡು ಸಲ ಆಪರೇಷನ್ ಆಗಿದ್ದು, ಅವಳಿಗೆ ಬೇರೆ ಯಾರೂ ಇಲ್ದಿದ್ದು ಎಲ್ಲ ಹೇಳು.”

ಗುಬ್ಬಿ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಬಿದ್ದದ್ದನ್ನು ಹೇಳುವಾಗ ಅವಳ ದನಿ ಮೆತ್ತಗಾಯಿತು, ಅವಳು ಮತ್ತೆ ಎದ್ದು ನಿಂತದ್ದನ್ನು ಹೇಳುವಾಗ ಅರಳಿತು. ಟೈಲರಕ್ಕ ತಲೆದೂಗುತ್ತಿದ್ದಳು. ಅಧಿಕಾರಿಯ ಪೆನ್ನು ನಿಂತದ್ದು ಅವಳಿಗೆ ಕಂಡಿತು, ಯಾಕೆಂದು ತಿಳಿಯಲಿಲ್ಲ.

“ಮೊದಲು ಏನಂದಿರಿ, ಇನ್ನೊಮ್ಮೆ ಹೇಳಿ,” ಎಂದರು ಅಧಿಕಾರಿ. “ನಿಮ್ಮ ತಾಯಿ ಹೋಗಿದ್ದದ್ದು ಮನೆಗೆ, ಅಲ್ಲವೆ? ತಮ್ಮ ಮನೆಗೆ?”

“ಹೌದು,” ಎಂದಳು ಗುಬ್ಬಿ. ಆಮೇಲೆ, “ಅಲ್ಲ,” ಎಂದಳು.

“ಹೌದೋ, ಅಲ್ಲವೋ? ನಾನು ಇಲ್ಲಿ ಕೂತಿರುವುದೇ ಆ ಒಂದು ವಿಷಯ ತಿಳಿಯಲು. ಇಷ್ಟು ದಿನ ಇವರ ಮನೆ ಯಾವುದಾಗಿತ್ತು? ಅಲ್ಲಿಗೆ ಮನೆಗೆ ಹೋಗಿದ್ದೆ ಅಂದರೆ, ಇಲ್ಲಿರುವುದು ಏನು?”

‘ಮನೆ’ ಎನ್ನುವ ಇಲ್ಲಿಯ ಪದ ಟೈಲರಕ್ಕನಿಗೆ ಚೆನ್ನಾಗಿ ಗೊತ್ತು. ಗಿರಾಕಿಗಳು ದಿನಾ ಸಂಜೆ ಬಟ್ಟೆಯ ಪೊಟ್ಟಣ ಎತ್ತಿಕೊಂಡು ಅದನ್ನೇ ಹೇಳಿ ಹೋಗುತ್ತಾರೆ. ತಾನು ಊರು ಎಂದ ಕಡೆಯಲ್ಲಿ ಮಗಳು ಆ ಪದ ಇಟ್ಟಿದ್ದಾಳೆ ಎಂದು ಅವಳಿಗೆ ಈಗ ಹೊಳೆಯಿತು. ಇಡದೆ ಏನು ಮಾಡಿಯಾಳು? ಇಲ್ಲಿಯ ಭಾಷೆಯಲ್ಲಿ ಹಳ್ಳಿಗೆ ಒಂದು ಪದ ಇದೆ, ಪಟ್ಟಣಕ್ಕೆ ಇದೆ, ನಗರಕ್ಕೆ ಇದೆ. ಊರಿಗೆ ಇಲ್ಲ.

ಗುಬ್ಬಿಯ ಕಿವಿ ಕೆಂಪಾಗಿತ್ತು. ಏನೋ ಹೇಳಲು ಹೋದಳು, ನಿಲ್ಲಿಸಿದಳು, ಮತ್ತೆ ಬೇರೆ ಕಡೆಯಿಂದ ಶುರುಮಾಡಿದಳು. ಇಷ್ಟು ವರ್ಷದಲ್ಲಿ ಆ ಹುಡುಗಿಗೆ ಮಾತು ಸಿಕ್ಕಿಹಾಕಿಕೊಂಡದ್ದನ್ನು ತಾಯಿ ನೋಡಿದ್ದೇ ಇಲ್ಲ. ದಪ್ಪ ಬಟ್ಟೆಯಲ್ಲಿ ಸೂಜಿ ಸಿಕ್ಕಿಕೊಂಡ ಮಿಷನ್ನಿನ ಹಾಗೆ ಅಲ್ಲಲ್ಲೇ ಗುಟುರು ಹಾಕುತ್ತಿದ್ದಳು. ಟೈಲರಕ್ಕನಿಗೆ ತನ್ನ ಕಾರ್ಡು ಮರೆತೇ ಹೋಯಿತು. ಮಗಳ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಗುಬ್ಬಿ, ನೀನು ಸುಮ್ನಿರಮ್ಮ. ನಾನು ಮಾತಾಡ್ತೀನಿ.”

“ಅಮ್ಮಾ, ನಿಂಗೆ...”

“ಬರುತ್ತೆ. ಬಂದಷ್ಟು ಮಾತಾಡ್ತೀನಿ.”

ಅವಳು ಅಧಿಕಾರಿಯ ಕಡೆ ತಿರುಗಿ ಇಲ್ಲಿಯ ಭಾಷೆಯಲ್ಲಿ ಶುರುಮಾಡಿದಳು. ಅವಳ ಹತ್ತಿರ ಇದ್ದದ್ದು ಅಂಗಡಿಯ ಮಾತು, ಅದನ್ನೇ ಒಂದೊಂದಾಗಿ ಮೇಜಿನ ಮೇಲಿಟ್ಟಳು.

“ಮೇಡಂ. ಮಗಳ ಮಾತು ಬಿಗಿ. ತಪ್ಪಿಲ್ಲ. ನನ್ನ ಮಾತು ಸಡಿಲ. ನಮ್ಮ ಭಾಷೆ, ಒಂದು ಮಾತು, ಊರು.” ಊರು ಎನ್ನುವುದನ್ನು ಮಾತ್ರ ಕನ್ನಡದಲ್ಲೇ ಹೇಳಿದಳು. “ಊರು, ಮನೆ, ಬೇರೆ ಬೇರೆ. ಇಲ್ಲಿ ನಿಂತು ನಾನು ಹೇಳ್ತೀನಿ, ಅದು ಊರು. ಅಲ್ಲಿ ನಿಂತು ನಾನು ಹೇಳ್ತೀನಿ, ಇದು ಊರು. ದಿನಾ ಹೇಳ್ತೀನಿ. ತಂಗಿ ಬಯ್ತಾಳೆ.”

“ಎರಡೂ ಊರು?” ಎಂದರು ಅಧಿಕಾರಿ. ಆ ಪದ ಅವರ ಬಾಯಲ್ಲಿ ‘ಉರು’ ಆಗಿತ್ತು.

“ಎರಡೂ.”

“ಮನೆ?”

“ಮನೆ ಒಂದು. ಈ ಬಸ್ಸು, ಕೊನೇ ನಿಲ್ದಾಣ, ಅಂಗಡಿ ಮೇಲೆ. ಅಲ್ಲಿ ನನ್ನ ಮನೆ ಇಲ್ಲ. ತಂಗಿ ಮನೆ.”

ಅಷ್ಟು ಹೇಳಿ ಅವಳ ಮಾತಿನ ಡಬ್ಬಿ ಖಾಲಿಯಾಯಿತು. ಅಲ್ಲಿ ತಾನು ಇದ್ದದ್ದು ಸ್ವಲ್ಪ ಕಾಲಕ್ಕೆ, ಮನಸ್ಸಿನಲ್ಲಿ ಬೇರು ಬಿಡದೆ ಇದ್ದದ್ದು ಎಂದು ಹೇಳಬೇಕಿತ್ತು. ಆ ಪದ ಅವಳಿಗೆ ಬರುತ್ತಿರಲಿಲ್ಲ. ಮಗಳನ್ನು ಕೇಳಬಹುದಿತ್ತು, ಕೇಳಲಿಲ್ಲ. ಕುರ್ಚಿಯಿಂದ ಎದ್ದು ಮೇಜಿನ ಪಕ್ಕಕ್ಕೆ ಬಂದು ಸ್ಕರ್ಟಿನ ಅಂಚನ್ನು ಒಂದಿಷ್ಟು ಮೇಲೆತ್ತಿ ಹಿಡಿದಳು.

“ಅಮ್ಮಾ!” ಎಂದಳು ಗುಬ್ಬಿ, ಉಸಿರಲ್ಲೇ.

“ನೋಡಿ ಮೇಡಂ. ಬಿಳಿ ದಾರ. ಇದು ಕೆಲಸ ಮುಗಿದ ಹೊಲಿಗೆ ಅಲ್ಲ. ಅಲ್ಲಿ ಹಾಕಿದ್ದು. ಅಲ್ಲಿ ನನ್ನ ಎಲ್ಲಾ ಬಟ್ಟೆ ಹೀಗೇ. ಯಾಕೆ? ಮನೆಗೆ ಹೋಗ್ತೀನಿ, ನನ್ನ ಮಿಷನ್, ಆಮೇಲೆ ಸರಿ ಹೊಲಿಗೆ. ಹಾಗೆ ಅಂದ್ಕೊಂಡೆ. ಅಲ್ಲಿ ನಾನೂ ಹೀಗೇ ಇದ್ದೆ.” ಹಾಗೆನ್ನುತ್ತ ದಾರದ ತುದಿ ಹಿಡಿದು ಎಳೆದಳು. ಸರ್ರನೆ ಉದ್ದಕ್ಕೂ ಬಂತು. ಮಡಿಕೆ ಬಿಚ್ಚಿ ಸ್ಕರ್ಟಿನ ಅಂಚು ಪಾದದ ಮೇಲೆ ಜೋತುಬಿತ್ತು. “ಎಳೆದರೆ ಬರುತ್ತೆ. ಗುರುತೂ ಇಲ್ಲ.” ಆಮೇಲೆ ಗುಬ್ಬಿಯ ಕೋಟಿನ ಅಂಚನ್ನು ಮಗುಚಿ ಹಿಡಿದಳು. “ಇದು ಇಲ್ಲಿ ಹೊಲಿದದ್ದು. ಇದನ್ನ ಎಳೀರಿ. ಬಟ್ಟೆ ಹರಿಯುತ್ತೆ, ಹೊಲಿಗೆ ಬರಲ್ಲ.”

ಅಧಿಕಾರಿ ಕನ್ನಡಕ ಏರಿಸಿಕೊಂಡು ಮುಂದಕ್ಕೆ ಬಾಗಿದರು. ಎಳೆಯಲಿಲ್ಲ, ನೋಡಿದರು. ಕಣ್ಣಂಚಿನಲ್ಲಿ ಏನೋ ಸಡಿಲವಾಯಿತು. “ಇದು ಯಾರು ಹೊಲಿದದ್ದು?”

“ಇವಳು,” ಎಂದಳು ಟೈಲರಕ್ಕ. ಕೋಣೆಯ ಹೊರಗಿದ್ದವರಿಗೂ ಕೇಳಿಸಿರಬೇಕು.

“ನೀವಿಲ್ಲದಾಗ ಅಂಗಡಿ ನಡೆಸಿದ್ದು?”

“ಇವಳು.”

ಈಗ ಗುಬ್ಬಿಗೆ ಮಾತು ಮರಳಿತು. ನಡೆಸಿದ್ದು ನಾನೊಬ್ಬಳೇ ಅಲ್ಲ ಎಂದಳು. ಫೋನು ಮಿಷನ್ನಿನ ಮೇಲಿರುತ್ತಿದ್ದದ್ದನ್ನು ಹೇಳಿದಳು, ಗಿರಾಕಿಗಳು ಅದರ ಮುಂದೆ ತಿರುಗುತ್ತಿದ್ದದ್ದನ್ನು ಹೇಳಿದಳು. ಒಂದು ಸಲ ಇಬ್ಬರು ಗಿರಾಕಿಗಳ ಅಳತೆ ನೋಡುತ್ತಿದ್ದ ಕರೆಯ ನಡುವೆಯೇ ಅಮ್ಮ ಚಿಕ್ಕಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ್ದನ್ನು ಹೇಳಿದಳು. ಆ ಗಿರಾಕಿಗಳು ಪಿನ್ನು ಚುಚ್ಚಿದ ಪ್ಯಾಂಟಿನಲ್ಲೇ ನಿಂತು ಚಪ್ಪಾಳೆ ತಟ್ಟಿದ್ದರಂತೆ. ಅಧಿಕಾರಿ ಕೇಳುತ್ತ ಬರೆದುಕೊಂಡರು. ವೈದ್ಯರ ಪತ್ರ, ಅಂಗಡಿಯ ಪತ್ರ ತೆಗೆದುಕೊಂಡರು. ಇಂಥ ಇನ್ನೂ ಹಲವು ಪ್ರಶ್ನೆ ಕೇಳಿದರು, ಕೆಲವು ಬಿಗಿಯಾದವೇ. ಕೊನೆಗೆ ಕಡತ ಎತ್ತಿಕೊಂಡು ಎದ್ದರು.

“ಮೇಲಿನವರ ಹತ್ತಿರ ಮಾತಾಡಿ ಬರುತ್ತೇನೆ. ಹೊರಗೆ ಕೂತಿರಿ. ತಂಗಿ ಈಗ ನಡೆಯುತ್ತಾರೆಯೇ?”

ಟೈಲರಕ್ಕನಿಗೆ ಪ್ರಶ್ನೆ ನೇರವಾಗಿ ತಿಳಿಯಿತು. “ನಡೀತಾಳೆ ಮೇಡಂ! ನಡೆದು, ಒಲೆ ಹಚ್ಚಿ, ನನ್ನನ್ನ ಓಡಿಸಿದ್ಲು!”

ಹೊರಗೆ ಉದ್ದನೆಯ ಹಜಾರ. ಗೋಡೆಗೆ ತಾಗಿದ ಬೆಂಚು. ಟೈಲರಕ್ಕ ಸ್ಕರ್ಟಿನ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡೇ ನಡೆದು ಬಂದು ಕೂತಳು. ಗುಬ್ಬಿ ಎದುರು ಮಂಡಿಯೂರಿದಳು. ಅಮ್ಮನ ಕಾಲರಿನ ಹಿಂದೆ ಕೈಹಾಕಿದಳು. ಅಲ್ಲಿ ಗುಂಡುಸೂಜಿ ಇದ್ದೇ ಇರುತ್ತವೆಂದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ತನ್ನ ಕಾಲರಿನಿಂದಲೂ ಕೆಲವನ್ನು ತೆಗೆದಳು. ಅಂಚನ್ನು ಮಡಿಸಿ ಒಂದೊಂದಾಗಿ ಚುಚ್ಚುತ್ತ ಹೋದಳು. ತಲೆ ತಗ್ಗಿಸಿಯೇ ಇದ್ದಳು.

“ನನ್ನಿಂದ ನಿನ್ನ ಕಾರ್ಡ್ ಹೋಗಿಬಿಡ್ತಿತ್ತಮ್ಮ.”

“ಇನ್ನೂ ಏನೂ ಗೊತ್ತಿಲ್ಲ. ಹೋದ್ರೂ ನಿನ್ನಿಂದ ಅಲ್ಲ.”

“ಯಾವಾಗ್ಲೂ ಊರು ಅಂದ್ರೆ ಮನೆ ಅಂತಾನೇ ಅಂದ್ಕೊಂಡಿದ್ದೆ. ನೀನು ಊರು ಅನ್ನುವಾಗ ನಿನ್ನ ದನಿ ಮೆತ್ತಗಾಗುತ್ತೆ. ಚಿಕ್ಕೋಳಿದ್ದಾಗಿಂದ ಕೇಳಿದೀನಿ. ಅಷ್ಟು ಮೆತ್ತಗೆ ಹೇಳೋದು ಮನೇನೇ ಇರ್ಬೇಕು ಅಂತ...”

ಟೈಲರಕ್ಕ ಮಗಳ ನೆತ್ತಿಯನ್ನು ನೋಡುತ್ತ ಕೂತಳು. ಬೈತಲೆ ಸೊಟ್ಟಗಿತ್ತು. ತಾನು ಮೆತ್ತಗೆ ಮಾತಾಡಿದ್ದನ್ನು ಈ ಕೂಸು ಇಷ್ಟು ವರ್ಷ ಎತ್ತಿಟ್ಟುಕೊಂಡಿತ್ತೇ ಎಂದುಕೊಂಡು ಆ ಬೈತಲೆಯನ್ನು ಬೆರಳಿನಿಂದ ನೇರ ಮಾಡಿದಳು.

“ಎದುರಿಗೆ ಇಲ್ಲದ್ದನ್ನ ನೆನೆಸ್ಕೊಂಡಾಗ ದನಿ ಮೆತ್ತಗಾಗುತ್ತೆ ಕಣಮ್ಮ,” ಎಂದಳು. “ಮನೇಲಿ ಇದ್ದಾಗ ಯಾರು ಮೆತ್ತಗೆ ಮಾತಾಡ್ತಾರೆ? ಮನೇಲಿ ‘ಏ ಗುಬ್ಬಿ, ಒಲೆ ಆರಿಸು’ ಅಂತ ಕಿರುಚ್ತೀನಿ. ಅದೇ ಮನೆ.”

ಗುಬ್ಬಿಗೆ ಅಳುವಿನ ನಡುವೆ ನಗು ಬಂತು. ಮೂಗೊರೆಸಿಕೊಂಡು ಕೊನೆಯ ಪಿನ್ನು ಚುಚ್ಚಿದಳು. “ತಿರುಗಿ,” ಎಂದಳು.

ಟೈಲರಕ್ಕ ಎದ್ದು ಹಜಾರದ ನಡುವೆ ಒಂದು ಸುತ್ತು ತಿರುಗಿದಳು. ಅಂಚು ಸುತ್ತಲೂ ಒಂದೇ ಮಟ್ಟಕ್ಕಿತ್ತು. ಅಳತೆ ಟೇಪಿಲ್ಲದೆ, ಬರೀ ಕಣ್ಣಳತೆಯಲ್ಲಿ, ಅಳುತ್ತ ಮಾಡಿದ ಕೆಲಸ.

“ನಂಗೂ ಹೀಗೆ ಬರಲ್ಲ,” ಎಂದಳು ತಾಯಿ.

“ಸುಳ್ಳು ಹೇಳ್ಬೇಡ.”

“ಬರುತ್ತೆ. ಆದ್ರೆ ನಿನ್ನ ವಯಸ್ಸಲ್ಲಿ ಬರ್ತಿರ್ಲಿಲ್ಲ.”

ಬಾಗಿಲು ತೆರೆಯಿತು. ಅಧಿಕಾರಿ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಅದನ್ನು ಗುಬ್ಬಿಯ ಕೈಗೆ ಕೊಡಲಿಲ್ಲ, ಟೈಲರಕ್ಕನ ಕೈಗೇ ಕೊಟ್ಟರು. ನಿಧಾನವಾಗಿ, ಅಂಗಡಿಯ ಮಾತಿನಷ್ಟೇ ಸರಳವಾಗಿ ಹೇಳಿದರು: “ಇದು ನಿಮ್ಮದು. ನಿಮ್ಮ ಮನೆ ಇಲ್ಲಿ. ನಾವು ಒಪ್ಪಿದ್ದೇವೆ. ಮುಂದೆ ಹೋಗಬೇಕಾದರೆ ಮೊದಲು ಕೇಳಿ. ಹೆಚ್ಚು ದಿನ ಆಗುವ ಹಾಗಿದ್ದರೆ ಅಲ್ಲಿಂದಲೇ ತಿಳಿಸಿ. ಸುಮ್ಮನೆ ಇರಬೇಡಿ.”

“ಸುಮ್ಮನೆ ಇರಲ್ಲ ಮೇಡಂ,” ಎಂದಳು ಟೈಲರಕ್ಕ.

ಅಧಿಕಾರಿ ಪಿನ್ನು ಚುಚ್ಚಿದ ಅಂಚನ್ನು ಒಮ್ಮೆ ನೋಡಿ, “ಜೋಪಾನ, ಕಾಲಿಗೆ ಚುಚ್ಚೀತು,” ಎಂದು ಒಳಗೆ ಹೋದರು.

ಅಂಗಡಿಗೆ ಬಂದಾಗ ಗಂಡ ಬಾಗಿಲಲ್ಲೇ ನಿಂತಿದ್ದ. ಡಿಪೋಗೆ ಹೋಗಿರಲಿಲ್ಲ. ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಸ್ಕರ್ಟು ನೋಡಿದ. “ಇದೇನೇ ಇದು, ಹೊಡೆದಾಟ ಆಯ್ತಾ?”

“ಆಯ್ತು. ಗೆದ್ವಿ,” ಎಂದಳು ಗುಬ್ಬಿ.

ಅವನು ಒಳಗೆ ಹೋಗಿ ಟೀಗೆ ನೀರಿಟ್ಟ. ಆ ಕಡೆ ತಿರುಗಿ ಬಹಳ ಹೊತ್ತು ನಿಂತಿದ್ದ. ಟೀ ಕುದಿಯುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಟೈಲರಕ್ಕ ಸ್ಕರ್ಟು ಬದಲಿಸಿ, ಅದನ್ನು ತನ್ನ ಮಿಷನ್ನಿನ ಕೆಳಗಿಟ್ಟು ಪಕ್ಕಾ ಹೊಲಿಗೆ ಹಾಕತೊಡಗಿದಳು. ಫೋನು ಮಿಷನ್ನಿನ ಮೇಲೆ ತನ್ನ ಹಳೆಯ ಜಾಗದಲ್ಲಿ ಒರಗಿತ್ತು. ಅದರಲ್ಲಿ ತಂಗಿ. ಸುದ್ದಿಯೆಲ್ಲ ಕೇಳಿ, ಅಕ್ಕ ಸರಕಾರಿ ಕಚೇರಿಯಲ್ಲಿ ಸ್ಕರ್ಟು ಬಿಚ್ಚಿಕೊಂಡ ಭಾಗವನ್ನು ಎರಡು ಸಲ ಹೇಳಿಸಿ, ಹೊಟ್ಟೆ ಹಿಡಿದು ನಕ್ಕಿದ್ದಳು.

“ನಾನು ಹೇಳಿರ್ಲಿಲ್ವಾ, ಮಾನ ಹೋಗುತ್ತೆ ಅಂತ?”

“ಮಾನ ಹೋಗಿ ಮನೆ ಉಳೀತು ಬಿಡೇ.”

“ಹಂಗಾದ್ರೆ ಇನ್ನು ಬೇಕಾದಾಗೆಲ್ಲ ಬರೋಕಾಗಲ್ಲ ನೀನು.”

ಮಿಷನ್ನು ನಿಂತಿತು. ಟೈಲರಕ್ಕನ ಕಾಲು ಪೆಡಲ್ ಮೇಲೆಯೇ ಇತ್ತು. “ಕೇಳಿ ಬರ್ಬೇಕಂತೆ. ಊರಿಗೆ...” ಎಂದಳು.

ಪಕ್ಕದಿಂದ ಗುಬ್ಬಿ ಮುಖ ತೂರಿಸಿದಳು. “ಅಮ್ಮಾ, ದಯವಿಟ್ಟು ಆ ಪದ ಬೇಡ. ಅದು ಕೇಳಿದ್ರೆ ನಂಗೆ ಬೆವರು ಬರುತ್ತೆ.”

“ಹೋಗೇ ಗುಬ್ಬಿ. ಪದಕ್ಕೆ ಹೆದರ್ತಾರಾ?” ಎಂದಳು ತಂಗಿ. ಆಮೇಲೆ ಪರದೆಯಲ್ಲಿ ಅವಳ ಮುಖ ಮರೆಯಾಗಿ, ಛಾವಣಿ ಕಂಡಿತು, ಗೋಡೆ ಕಂಡಿತು. ಫೋನನ್ನು ಎಲ್ಲೋ ಒರಗಿಸಿದಳು. ಈಗ ಇಡೀ ಕೋಣೆ ಕಾಣುತ್ತಿತ್ತು. ತಂಗಿ ಕುರ್ಚಿಯ ಕೈ ಹಿಡಿದು ಎದ್ದಳು. ಊರುಗೋಲು ಗೋಡೆಗೆ ಒರಗಿಕೊಂಡೇ ಇತ್ತು. ಅವಳು ಅದನ್ನು ಮುಟ್ಟಲಿಲ್ಲ. ಬಾಗಿಲವರೆಗೆ ನಡೆದಳು. ನಿಧಾನಕ್ಕೆ, ಸ್ವಲ್ಪ ವಾಲಿಕೊಂಡು, ಯಾರನ್ನೂ ಹಿಡಿಯದೆ. ಬಾಗಿಲ ಹತ್ತಿರ ನಿಂತು, ಯಾರೂ ಹೇಳದಿದ್ದರೂ ತಾನೇ ಒಂದು ಸುತ್ತು ತಿರುಗಿ ಫೋನಿನ ಕಡೆ ನೋಡಿದಳು.

“ನೋಡ್ಕೊಂಡ್ಯಾ ಅಕ್ಕಾ? ಭುಜ ತಗ್ಗಿದ್ಯಾ?”

“ಎಡ ಭುಜ ಒಂಚೂರು,” ಎಂದಳು ಟೈಲರಕ್ಕ. ದನಿ ಅವಳ ಮಾತು ಕೇಳುತ್ತಿರಲಿಲ್ಲ.

“ಅಲ್ಲಿಂದ ನೋಡಿದ್ರೆ ಹಾಗೇ ಕಾಣೋದು. ಇನ್ನೊಂದಿಷ್ಟು ಗಟ್ಟಿ ಆಗ್ಲಿ, ನಾನೇ ಬಂದು ತೋರಿಸ್ತೀನಿ.” ತಂಗಿ ಬಾಗಿಲ ಚೌಕಟ್ಟಿಗೆ ಒರಗಿ ಉಸಿರು ತೆಗೆದುಕೊಂಡಳು. “ನಿಮ್ಮೂರು ನಾನು ನೋಡೇ ಇಲ್ವಲ್ಲೇ.”

ಟೈಲರಕ್ಕ ಮಗಳ ಕಡೆ ನೋಡಿದಳು. ಗುಬ್ಬಿ ಬೆವರಿರಲಿಲ್ಲ, ಹಲ್ಲು ಬಿಟ್ಟು ನಗುತ್ತಿದ್ದಳು.

ಅಷ್ಟರಲ್ಲಿ ಅಂಗಡಿಯ ಬಾಗಿಲು ತಳ್ಳಿಕೊಂಡು ಯಾರೋ ಒಳಗೆ ಬಂದರು. ತೋಳು ಉದ್ದವಾದ ಕೋಟು ತೊಟ್ಟ ಒಬ್ಬ ಗಿರಾಕಿ, ನೇರ ಕನ್ನಡಿಯ ಮುಂದೆ ಹೋಗಿ ನಿಂತು, “ತಿರುಗಿ?” ಎಂದು ಕೇಳಿದ.

“ತಿರುಗಿ, ತಿರುಗಿ,” ಎಂದಳು ಟೈಲರಕ್ಕ, ಮತ್ತು ಕಣ್ಣೊರೆಸಿಕೊಂಡು, ಟೇಪನ್ನು ಕೊರಳಿಂದ ತೆಗೆದು ಮಗಳ ಕೈಗೆ ಕೊಟ್ಟಳು.